ಬುಗ್ಗಮ್ಮ ತೆಗೆದ ಗುಂಡಿ ವಾಲಿರಲಿಲ್ಲ

ಬೆಳಗಿನ ಐದೂವರೆ. ಮಕ್ತಲ್‌ನಿಂದ ಗದ್ವಾಲದ ಕಡೆಗೆ ಹೋಗುವ ರಸ್ತೆಯಿಂದ ತುಸು ಒಳಗೆ, ಹಳೆಯ ನೀರಾವರಿ ಕಾಲನಿಯ ಹಿಂದಿನ ಬಯಲಿನಲ್ಲಿ ಬುಗ್ಗಮ್ಮ ಮೊಣಕಾಲೂರಿ ಕೂತು ಬೈಯುತ್ತಿದ್ದಾರೆ. ಈ ಹೊತ್ತಿನ ಬೈಗುಳ ನವಿಲಿಗೆ. ನಿನ್ನೆ ಸಂಜೆ ನೀರುಣಿಸಿ ಬಿಟ್ಟ ಹುಲ್ಲಿನ ಮೇಲೆ ಅದು ಈ ಅಂಚಿನಿಂದ ಆ ಅಂಚಿನವರೆಗೆ ನಡೆದಾಡಿದೆ. ಕಾಲಿನ ಗುರುತು ಒಂದೊಂದೂ ಅಚ್ಚೊತ್ತಿದ ಹಾಗಿದೆ. ಬುಗ್ಗಮ್ಮ ಚಪ್ಪಟೆ ಕಡ್ಡಿಯಿಂದ ಮಣ್ಣನ್ನು ಸುತ್ತಲಿಂದ ಒಳಕ್ಕೆ ಒತ್ತಿ, ಅಂಗೈಯಿಂದ ತಟ್ಟಿ, ಮುಂದಿನ ಗುರುತಿಗೆ ಸರಿಯುತ್ತಾರೆ.

“ಇಡೀ ಬಯಲು ಬಿದ್ದೈತಿ ನೋಡ್ರಿ. ಕಲ್ಲೈತಿ, ಮುಳ್ಳೈತಿ, ಕೆಮ್ಮಣ್ಣೈತಿ. ಅಲ್ಲಿ ಕುಣೀಲಿಲ್ಲ ಇದು. ಇಲ್ಲೇ ಬಂದು ಕುಣೀಬೇಕು. ಆಮೇಲೆ ಸಾರ್‌ಗಳು ಬಂದು ‘ಬುಗ್ಗಮ್ಮಾ, ಇದೇನಿದು?’ ಅಂತ ನನ್ನ ಕೇಳ್ತಾರ. ನವಿಲನ್ನ ಕೇಳೋದಿಲ್ಲ.”

ಅದು ಗಾಲ್ಫ್ ಮೈದಾನ. ದೂರದಿಂದ ಕೋಲಿನಿಂದ ಚೆಂಡು ಹೊಡೆಯುತ್ತ ಬಂದು, ಕೊನೆಗೆ ಒಂದು ಸಣ್ಣ ಗುಂಡಿಗೆ ಬೀಳಿಸುವ ಆಟ. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆದ್ದ ಹಾಗೆ. ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳಕ್ಕೆ ಆಟಗಾರರು ಗ್ರೀನ್ ಎನ್ನುತ್ತಾರೆ. ಈ ಬಯಲಿನಲ್ಲಿ ಅಂಥ ಒಂಬತ್ತು ಗ್ರೀನ್‌ಗಳಿವೆ. ಕಾಲುವೆಯ ನೀರು ಅವಕ್ಕೆ ಮಾತ್ರ. ಉಳಿದ ನೆಲವೆಲ್ಲ ಬೇಸಿಗೆಯಲ್ಲಿ ಹೆಂಚಿನ ಹಾಗೆ ಕಾಯುತ್ತದೆ.

ಆ ಒಂಬತ್ತರಲ್ಲೂ ಹುಲ್ಲು ಕೊಯ್ಯುವುದು, ನೀರುಣಿಸುವುದು, ನಿನ್ನೆಯ ಗುಂಡಿ ಮುಚ್ಚಿ ಬೇರೆ ಜಾಗದಲ್ಲಿ ಹೊಸ ಗುಂಡಿ ತೆಗೆಯುವುದು ಬುಗ್ಗಮ್ಮನವರ ಕೆಲಸ. ಒಂದೇ ಕಡೆ ಗುಂಡಿಯಿದ್ದರೆ ಸುತ್ತಲ ಹುಲ್ಲು ಕಾಲ್ತುಳಿತಕ್ಕೆ ಸಾಯುತ್ತದೆ. ಹಾಗಾಗಿ ದಿನಕ್ಕೆ ಒಂಬತ್ತು ಹಳೆಯವು ಮುಚ್ಚಬೇಕು, ಒಂಬತ್ತು ಹೊಸವು ಹುಟ್ಟಬೇಕು. ಬಾಯಗಲ ನಾಲ್ಕೂ ಕಾಲು ಇಂಚು, ಆಳ ನಾಲ್ಕು ಇಂಚಿಗೆ ಕಡಿಮೆಯಿಲ್ಲ. ಎರಡು ಹಿಡಿಗಳ ಕಬ್ಬಿಣದ ಕೊಳವೆಯನ್ನು ನೆಟ್ಟಗೆ ಊರಿ, ತಿರುವಿ, ಮಣ್ಣಿನ ಉಂಡೆಯನ್ನು ಹುಲ್ಲಿನ ಸಮೇತ ಎತ್ತಿ, ಅದನ್ನೇ ಹಳೆಯ ಗುಂಡಿಗೆ ಇಳಿಸಿ ಕಾಲಿನಿಂದ ಮೆಲ್ಲಗೆ ತುಳಿಯುತ್ತಾರೆ. ಬಿಸಿಲು ಏರುವ ಮುಂಚೆ ಮುಗಿಯಬೇಕು. ಏಳು ಗಂಟೆಗೆ ಮೊದಲ ಆಟಗಾರ ಬರುತ್ತಾನೆ. ಅವನೊಂದಿಗೆ ಮೊದಲ ಜಗಳವೂ ಬರುತ್ತದೆ.

ನಲವತ್ತೆಂಟರ ಬುಗ್ಗಮ್ಮನವರ ತವರು ನಾರಾಯಣಪೇಟೆಯ ನೇಕಾರರ ಮನೆ. ಹತ್ತರ ವಯಸ್ಸಿಗೇ ಮಗ್ಗದ ಪಕ್ಕ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದರು. ಸೀರೆಯಂಚಿನಲ್ಲಿ ಒಂದೆಳೆ ತಪ್ಪಿದರೂ ಅಪ್ಪ ಇಡೀ ಗೇಣು ಬಿಚ್ಚಿಸುತ್ತಿದ್ದ. ಮದುವೆಯಾಗಿ ದಾಮರಗಿದ್ದಕ್ಕೆ ಬಂದ ಮೇಲೆ ಕೈಗೆ ಬಂದದ್ದು ಕಳೆ ತೆಗೆಯುವ ಕುರ್ಪಿ, ಆಮೇಲೆ ಸಿಮೆಂಟಿನ ಬುಟ್ಟಿ. ಗಂಡ ಯಲ್ಲಯ್ಯನೊಂದಿಗೆ ಹೈದರಾಬಾದಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹದಿಮೂರು ವರ್ಷ ಅಲೆದರು. ಒಮ್ಮೆ ಕಟ್ಟಡದ ಸಾರುವೆಯ ಹಲಗೆಯಿಂದ ಬಿದ್ದು ಬುಗ್ಗಮ್ಮನವರ ಸೊಂಟ ಹಿಡಿದುಕೊಂಡಿತು. ಮತ್ತೆ ಬುಟ್ಟಿ ಹೊರಲಾಗಲಿಲ್ಲ.

ತೆಲಂಗಾಣ ಬೇರೆ ರಾಜ್ಯವಾಗಿ ಎರಡು ವರ್ಷಕ್ಕೆ ಗದ್ವಾಲ ಜಿಲ್ಲೆಯಾಯಿತು. ಹೊಸ ಜಿಲ್ಲೆಗೆ ಹೊಸ ಅಧಿಕಾರಿಗಳು ಬಂದರು. ಕಾಲನಿಯ ನಿವೃತ್ತ ಎಂಜಿನಿಯರುಗಳು ಅವರನ್ನೂ ಸೇರಿಸಿಕೊಂಡು, ಪಾಳುಬಿದ್ದ ಬಯಲನ್ನು ಹಸನು ಮಾಡಿ ಕೃಷ್ಣಾತೀರ ಕ್ಲಬ್ ಎಂದು ಹೆಸರಿಟ್ಟರು. ಕಾಲನಿಯ ಮಾಲಿ ಭೀಮಯ್ಯ, ಯಲ್ಲಯ್ಯನ ದೂರದ ಸಂಬಂಧಿ. ತನ್ನ ಮಂಡಿ ಸವೆದಿವೆ ಎಂದು ಬುಗ್ಗಮ್ಮನವರನ್ನು ಕರೆಸಿ, ಗುಂಡಿ ತೆಗೆಯುವುದನ್ನು ಕಲಿಸಿ ಊರಿಗೆ ಹೋದ. ಯಲ್ಲಯ್ಯ ಪಂಪ್‌ಹೌಸಿನ ಕಾವಲಿಗೆ ಸೇರಿದ. ಇಬ್ಬರಿಗೂ ಕಾಲನಿಯ ಹಳೆಯ ಎರಡು ಕೋಣೆ ಸಿಕ್ಕವು.

ಮೊದಲ ದಿನ ಬುಗ್ಗಮ್ಮನವರಿಗೆ ನಗು ತಡೆಯಲಾಗಲಿಲ್ಲವಂತೆ. ಗ್ರೀನಿನ ಹುಲ್ಲು ಬೇರೇನೂ ಅಲ್ಲ, ಗರಿಕೆ. “ದಾಮರಗಿದ್ದದಾಗ ಜ್ವಾಳದ ಹೊಲದಿಂದ ಗರಿಕಿ ಕಿತ್ತು ಕಿತ್ತು ನನ್ನ ಉಗುರು ಹೋಗಿದ್ವು. ಇಲ್ಲಿ ಅದಕ್ಕ ದಿನಾ ಎರಡು ಸಲ ನೀರು, ಗೊಬ್ಬರ, ಮ್ಯಾಲೆ ಒಬ್ಬಾಕಿ ಆಳು!”

ಹುಲ್ಲು ಸುಲಭವಾಗಿ ಒಲಿಯಿತು. ಆಟಗಾರರು ಒಲಿಯಲಿಲ್ಲ. ದೂರದಿಂದ ನೂರಾರು ಗಜ ಹೊಡೆಯುವಾಗ ನಗುನಗುತ್ತ ಬರುವವರು ಗ್ರೀನಿಗೆ ಕಾಲಿಟ್ಟ ಕೂಡಲೇ ಕೋರ್ಟಿನ ವಕೀಲರಾಗುತ್ತಾರೆ. ಚೆಂಡಿಗೂ ಗುಂಡಿಗೂ ನಡುವೆ ನಾಲ್ಕೇ ಅಡಿ ಇರುತ್ತದೆ, ಆ ನಾಲ್ಕಡಿಯಲ್ಲಿ ಅರ್ಧ ಗಂಟೆ ಹೋಗುತ್ತದೆ. ಬೂಟಿನ ಗುರುತು ತಟ್ಟಬಹುದೋ ಬಾರದೋ? ಗುಂಡಿಯ ಜಾಗ ದೂರಕ್ಕೆ ಕಾಣಲೆಂದು ನೆಟ್ಟ ಬಾವುಟ ಅದರಲ್ಲೇ ಇದ್ದು ಚೆಂಡು ಬಡಿದರೆ ತಪ್ಪೋ ಸರಿಯೋ?

2019ರಲ್ಲಿ ಆಟದ ನಿಯಮಗಳು ಬದಲಾದಾಗ ಹೈದರಾಬಾದಿನಿಂದ ಒಬ್ಬ ಹಿರಿಯ ತೀರ್ಪುಗಾರರು ಬಂದು ಕ್ಲಬ್ಬಿನ ಪಡಸಾಲೆಯಲ್ಲಿ ಎರಡು ದಿನ ಪಾಠ ಮಾಡಿದರು. ಸದಸ್ಯರು ಚಹಾ ಕುಡಿಯುತ್ತ ಕೂತಿದ್ದರು. ಬುಗ್ಗಮ್ಮ ಕಟ್ಟೆಯ ಕೆಳಗೆ ಕೂತು ಕೊಳವೆಯ ಬಾಯಿ ಮಸೆಯುತ್ತ ಎಲ್ಲ ಕೇಳಿಸಿಕೊಂಡರು. ಹೋಗುವಾಗ ತೀರ್ಪುಗಾರರು ಚಿತ್ರಗಳಿದ್ದ ಒಂದು ಪುಸ್ತಿಕೆ ಕೊಟ್ಟರು. ಇಂಗ್ಲಿಷಿನದು. ಮಗಳು ಭಾಗ್ಯಜ್ಯೋತಿ, ಆಗ ನರ್ಸಿಂಗ್ ಓದುತ್ತಿದ್ದವಳು, ರಜೆಗೆ ಬಂದಾಗಲೆಲ್ಲ ಒಂದೊಂದು ಪುಟ ಓದಿ ಹೇಳಿದಳು. ಎರಡು ವರ್ಷ ಹಿಡಿಯಿತು. ಗ್ರೀನಿಗೆ ಸಂಬಂಧಿಸಿದ್ದಷ್ಟೂ ಬುಗ್ಗಮ್ಮನವರಿಗೆ ಬಾಯಿಪಾಠವಾಯಿತು.

“ಮಿಡತಿಗೆ ಒಂದು ಕಾನೂನು, ನಾಯಿಗೆ ಒಂದು ಕಾನೂನು ಐತ್ರಿ ಇದರಾಗ” ಎನ್ನುತ್ತ ಅವರು ಹಣೆ ಒರೆಸಿಕೊಳ್ಳುತ್ತಾರೆ. “ಗ್ರೀನಿನ ಮ್ಯಾಲಿಂದ ಹೊಡದ ಚೆಂಡು ಮಿಡತಿಗೆ ತಗಲಿ ನಿಂತ್ರ, ನಿಂತಲ್ಲಿಂದನ ಆಡಬೇಕು. ನಾಯಿಗೆ ತಗಲಿದ್ರ ಆ ಹೊಡತ ಲೆಕ್ಕಕ್ಕಿಲ್ಲ, ವಾಪಸ್ ಇಟ್ಟು ಹೊಡೀಬೇಕು. ಹೋದ ವರ್ಷ ಕಾಲನಿ ನಾಯಿ ಉರುಳೋ ಚೆಂಡು ಬಾಯಾಗ ಹಿಡಕೊಂಡು ಓಡ್ತು. ಇಬ್ಬರು ದೊಡ್ಡ ಆಫೀಸರು ಅದರ ಹಿಂದ. ನಾ ಕೂಗಿ ಕೂಗಿ ಹೇಳಿದೆ, ಬ್ಯಾರೆ ಚೆಂಡು ಇಟ್ಟು ಹೊಡೀರಿ, ಬರ್ತೈತಿ ಅಂತ. ಕೇಳಬೇಕಲ್ಲ! ಪಂಪ್‌ಹೌಸಿನ ತನಕ ಓಡ್ಯಾರ.”

ಗದ್ವಾಲದ ಬೀಜದ ವ್ಯಾಪಾರಿ ಕೊಟ್ರೇಶನ ಕಥೆಯನ್ನು ಅವರು ಇನ್ನಷ್ಟು ಬೇಸರದಿಂದ ಹೇಳುತ್ತಾರೆ. ಒಮ್ಮೆ ಅವನ ಚೆಂಡು ಗುಂಡಿಯ ಅಂಚಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ತೂಗುತ್ತ ನಿಂತಿತು. ಹತ್ತಿರ ನಡೆದು ಬಂದ ಮೇಲೆ ಹತ್ತು ಸೆಕೆಂಡು ಕಾಯಬಹುದು, ಅಷ್ಟರಲ್ಲಿ ಬಿದ್ದರೆ ಅವನ ಅದೃಷ್ಟ. ಕೊಟ್ರೇಶ ಶ್ರೀಶೈಲದ ಮಲ್ಲಯ್ಯನಿಗೆ ಕೈಮುಗಿದು ನಿಂತ. ಫೋನು ಬಂತು, ಮಾತಾಡಿದ. ಮಾತು ಮುಗಿಯುವಾಗ ಚೆಂಡು ಬಿತ್ತು. ಕುಣಿದಾಡಿಬಿಟ್ಟ.

“ಕೊಟ್ರೇಶಣ್ಣ, ಹತ್ತು ಎಣಿಸೋದು ಆಗಿ ಎಷ್ಟೊತ್ತಾತು, ನೀವು ಫೋನಿನಾಗ ಮೆಣಸಿನಕಾಯಿ ಲಾರಿ ಲೋಡ್ ಮಾಡಿ ಕಳಿಸೀರಿ” ಎಂದರಂತೆ ಬುಗ್ಗಮ್ಮ. “ಬಿದ್ದದ್ದು ಖರೆ. ಆದ್ರ ಒಂದು ಹೊಡತ ಜಾಸ್ತಿ ಬರಕೋರಿ.” ಕೊಟ್ರೇಶ ಒಂದು ವಾರ ಮಾತು ಬಿಟ್ಟಿದ್ದ.

ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ್ದು ನಡೆದದ್ದು 2023ರ ಜೂನ್ ಎರಡರಂದು.

ರಾಜ್ಯ ಹುಟ್ಟಿದ ದಿನವೆಂದು ಕ್ಲಬ್ಬು ಪ್ರತಿವರ್ಷ ಅಂದು ಒಂದು ಕಪ್ ಇಡುತ್ತದೆ. ರೋಹಿಣಿ ಮಳೆಯ ಮುಂಚಿನ ಗಾಳಿ ಬೆಳಗಿನಿಂದಲೇ ನದಿಯ ಕಡೆಯಿಂದ ಬಿಟ್ಟು ಬಿಟ್ಟು ಬೀಸುತ್ತಿತ್ತು. ಕೊನೆಯ, ಅಂದರೆ ಒಂಬತ್ತನೆಯ ಗ್ರೀನಿಗೆ ಬರುವಾಗ ಪೈಪೋಟಿ ಇಬ್ಬರ ನಡುವೆ ಉಳಿದಿತ್ತು. ಒಬ್ಬರು ಕ್ಲಬ್ಬಿನ ಕಾರ್ಯದರ್ಶಿ ದೇವೇಂದ್ರಪ್ಪ, ಮೂವತ್ತು ವರ್ಷ ಕಾಲುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರ್. ಬುಗ್ಗಮ್ಮನವರ ಹಾಜರಿಗೆ ಸಹಿ ಹಾಕುವವರೂ ಅವರೇ. ಇನ್ನೊಬ್ಬರು ಮಕ್ತಲ್‌ನ ಡಾಕ್ಟರ್ ಪ್ರಶಾಂತಿ. ಜೊತೆಗೆ ಆಡುತ್ತಿದ್ದ ಮೂರನೆಯವನು ಕೊಟ್ರೇಶ, ಅಷ್ಟೊತ್ತಿಗೆ ಲೆಕ್ಕದಿಂದ ಹೊರಗೆ. ಬಾವುಟ ಹಿಡಿದು ಗುಂಡಿಯ ಬಳಿ ನಿಂತವರು ಬುಗ್ಗಮ್ಮ.

ದೇವೇಂದ್ರಪ್ಪನವರ ಚೆಂಡು ಗುಂಡಿಯಿಂದ ಒಂದೂವರೆ ಗೇಣಿನಷ್ಟು ದೂರ ಬಂದು ನಿಂತಿತ್ತು. ಅವರು ಅದರ ಹಿಂದೆ ಗುರುತಿಗೆ ನಾಣ್ಯ ಇಟ್ಟು, ಚೆಂಡೆತ್ತಿ, “ಒರಸಮ್ಮ” ಎಂದು ಬುಗ್ಗಮ್ಮನವರ ಕೈಗೆ ಕೊಟ್ಟರು. ಅವರು ಹೆಗಲ ಮೇಲಿನ ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿ ಕೊಟ್ಟರು. ದೇವೇಂದ್ರಪ್ಪ ಚೆಂಡನ್ನು ಅದೇ ಜಾಗದಲ್ಲಿಟ್ಟು ನಾಣ್ಯ ತೆಗೆದುಕೊಂಡರು. ಆ ಹೊತ್ತಿನಲ್ಲಿ ಡಾಕ್ಟರಮ್ಮ ಕೆಳಗೆ, ಆಟಕ್ಕೆ ಅಡ್ಡಿಯಾಗಲೆಂದೇ ತೋಡಿದ ಮರಳಿನ ಹೊಂಡದಲ್ಲಿದ್ದರು. ಕೊಟ್ರೇಶ ಆಚೆ ಜಾಲಿಯ ಪೊದೆಯಲ್ಲಿ ತನ್ನ ಚೆಂಡು ಹುಡುಕುತ್ತಿದ್ದ.

ದೂರವಿದ್ದವರು ಮೊದಲು ಹೊಡೆಯಬೇಕು. ಡಾಕ್ಟರಮ್ಮ ಮರಳಿನಿಂದ ಎತ್ತಿ ಹೊಡೆದು, ಮೇಲೆ ಬಂದು, ಒಂದೇ ತಳ್ಳಿಗೆ ಗುಂಡಿಗೆ ಹಾಕಿದರು. ಒಟ್ಟು ನಲವತ್ತನಾಲ್ಕು ಹೊಡೆತ. ದೇವೇಂದ್ರಪ್ಪನವರದು ಅಲ್ಲಿಯವರೆಗೆ ನಲವತ್ತಮೂರು. ಇನ್ನೊಂದರಲ್ಲಿ ಹಾಕಿದರೆ ಸಮ. ಅವರು ಕೋಲು ಹಿಡಿದು ಹತ್ತಿರ ಬರುತ್ತಿದ್ದ ಹಾಗೆ ಒಂದು ಬೀಸು ಗಾಳಿ ಬಂತು. ಬುಗ್ಗಮ್ಮನವರ ಕೈಯಲ್ಲಿದ್ದ ಬಾವುಟ ಪಟಪಟ ಬಡಿಯಿತು. ಚೆಂಡು ಅಲುಗಿ, ಹೊರಳಿ, ಗುಂಡಿಗೆ ಬಿತ್ತು.

ಅಷ್ಟರಲ್ಲಿ ಪೊದೆಯಿಂದ ಬಂದಿದ್ದ ಕೊಟ್ರೇಶ ಚಪ್ಪಾಳೆ ತಟ್ಟಿದ. “ಮುಗೀತು! ಸಾರ್ ನಲವತ್ತಮೂರು!”

ಇಲ್ಲಿ ನಿಯಮ ಎರಡು ದಾರಿ ಹಿಡಿಯುತ್ತದೆ. ಗ್ರೀನಿನ ಮೇಲೆ ಬಂದು ನಿಂತ ಚೆಂಡನ್ನು ಮುಟ್ಟದೆ ಇದ್ದಿದ್ದರೆ ಗಾಳಿ ಒಯ್ದದ್ದು ಒಯ್ದ ಹಾಗೆ. ಗುಂಡಿಗೆ ಬಿದ್ದರೂ ಬಿದ್ದಂತೆಯೇ. ಒಮ್ಮೆ ಎತ್ತಿ ಮತ್ತೆ ಇಟ್ಟಿದ್ದರೆ ಹಾಗಲ್ಲ. ಗಾಳಿ ಎಲ್ಲಿಗೇ ಒಯ್ಯಲಿ, ಹಿಂದಿನ ಜಾಗಕ್ಕೆ ತಂದಿಟ್ಟು ಹೊಡೆಯಬೇಕು.

ಡಾಕ್ಟರಮ್ಮ ಅದನ್ನೇ ಕೇಳಿದರು. “ಸಾರ್, ಮೊದಲು ನೀವು ಚೆಂಡು ಎತ್ತಿದ್ರಾ?”

ದೇವೇಂದ್ರಪ್ಪ ತಡಮಾಡಲಿಲ್ಲ. “ಇಲ್ಲಮ್ಮ. ಬಂದು ನಿಂತಂಗ ಇತ್ತು.”

ಬುಗ್ಗಮ್ಮನವರನ್ನು ಯಾರೂ ಕೇಳಲಿಲ್ಲ. ಅವರ ಹೆಗಲ ಮೇಲಿನ ಬಟ್ಟೆಗೆ ಆ ಚೆಂಡಿನ ಕೆಮ್ಮಣ್ಣು ಇನ್ನೂ ಹಸಿಯಾಗಿ ಅಂಟಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಚಹಾಕ್ಕೆ ಹೋಗುತ್ತಿದ್ದರು. ಆದರೆ ಬುಗ್ಗಮ್ಮನವರಿಗೆ ತಡೆಯಲಾಗಲಿಲ್ಲ.

“ಸಾರ್, ಎತ್ತಿದ್ರಲ್ರೀ. ನನ್ನ ಕೈಯಾಗ ಕೊಟ್ರಿ. ನಾ ಒರಸಿ ಕೊಟ್ಟೆ. ವಾಪಸ್ ಇಟ್ಟು ಹೊಡೀರಿ, ಒಂದೂವರಿ ಗೇಣೈತಿ, ಬೀಳ್ತೈತಿ.”

ದೇವೇಂದ್ರಪ್ಪನವರ ಮುಖ ಕೆಂಪಗಾಯಿತು. “ಅದು ಎಂಟನೇ ಗ್ರೀನಿನಾಗ ಒರಸಿದ್ದು. ನಿನಗ ನೆನಪಿಲ್ಲ.”

“ಎಂಟರಾಗ ನಾ ಇರಲೇ ಇಲ್ರೀ ಸಾರ್.”

“ಹುಲ್ಲು ಕೊಯ್ಯಾಕಿ ಮಾತು ಕೇಳಿ ಕಪ್ ಕೊಡಾಕ ಆಗ್ತದೇನು?” ಎಂದು ಕೊಟ್ರೇಶ ನಡುವೆ ಬಂದ. ಬಿಸಿಲು ನೆತ್ತಿ ಸುಡುತ್ತಿತ್ತು. ಡಾಕ್ಟರಮ್ಮನಿಗೆ ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂದಿತ್ತು. “ಪರವಾಲೇದು, ವದಿಲೇಯಂಡಿ” ಎಂದು ತೆಲುಗಿನಲ್ಲಿ ಮಾತು ಬಿಟ್ಟುಕೊಟ್ಟು ಅವರು ಕೈ ಕುಲುಕಿದರು. ಹೊಡೆತಗಳ ಲೆಕ್ಕ ಬರೆದ ಕಾರ್ಡಿಗೆ ಸಹಿ ಬಿತ್ತು. ದೇವೇಂದ್ರಪ್ಪ ಕಪ್ ಹಿಡಿದು ಫೋಟೊ ತೆಗೆಸಿಕೊಂಡರು.

ಮಾತು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಗಾಳಿಗೆ ಬಿದ್ದ ಕಪ್ ಎಂದು ಸದಸ್ಯರು ಪಡಸಾಲೆಯಲ್ಲಿ ಗುಸುಗುಸು ನಗತೊಡಗಿದರು. ಆ ನಗೆಯ ಬಾಯಿ ಮುಚ್ಚಿಸಲು ಮರುದಿನ ಕ್ಲಬ್ಬಿನ ರಿಜಿಸ್ಟರಿನಲ್ಲಿ ಕಾರ್ಯದರ್ಶಿ ಬರೆದರು: ಒಂಬತ್ತನೆಯ ಗ್ರೀನಿನ ಗುಂಡಿಯನ್ನು ಇಳಿಜಾರಿನಲ್ಲಿ ವಾಲಿಸಿ ತೆಗೆಯಲಾಗಿತ್ತು, ಚೆಂಡು ಉರುಳಿದ್ದು ಅದರಿಂದ, ಕೆಲಸದ ಬುಗ್ಗಮ್ಮಳನ್ನು ಬೇಲಿಯ ಕಳೆ ಕೀಳಲು ಹಾಕಲಾಗಿದೆ.

ಉಂಡವಳ್ಳಿಯಲ್ಲಿ ನರ್ಸ್ ಆಗಿರುವ ಭಾಗ್ಯಜ್ಯೋತಿ ಭಾನುವಾರ ಮನೆಗೆ ಬಂದಾಗ, ಕ್ಲಬ್ಬಿಗೆ ಹೋಗಿ ಆ ಪುಟವನ್ನು ಓದಿ ಬಂದು ಹೇಳಿದಳು. “ಅವ್ವಾ, ಅವರು ಸುಳ್ಳು ಹೇಳಿ ಕಪ್ ಹೊಡಕೊಂಡಾರ. ಅದನ್ನ ಎಲ್ಲಾರ ಮುಂದ ಎತ್ತು. ನಡಿ, ನಾನೂ ಬರ್ತೀನಿ.”

“ಕಪ್ ಯಾರರ ಒಯ್ಯಲಿ ಬಿಡವ್ವ. ಅದು ಡಾಕ್ಟರಮ್ಮನ ಸಂಕಟ, ನಂದಲ್ಲ” ಎಂದರು ಬುಗ್ಗಮ್ಮ. “ಗುಂಡಿ ವಾಲಿತ್ತು ಅಂತ ಬರದಾರಲ್ಲ, ಅದನ್ನ ಹೊಡದು ಹಾಕಬೇಕು.”

ಮರುದಿನ ಬೇಲಿ ಕೆಲಸಕ್ಕೆ ಮುಂಚೆ ದಫ್ತರದ ಬಾಗಿಲಲ್ಲಿ ನಿಂತರು. “ಸಾರ್, ಗುಂಡಿ ವಾಲಿರಲಿಲ್ಲ. ಅಳದು ನೋಡ್ರಿ.” ದೇವೇಂದ್ರಪ್ಪ ತಲೆಯೆತ್ತಲಿಲ್ಲ. ಅದರ ಮರುದಿನವೂ ಅದೇ ಹೊತ್ತು, ಅದೇ ಮಾತು. ನಾಲ್ಕನೆಯ ದಿನ ಅವರು ಬಾಗಿಲು ಹಾಕಿಸಿದರು. ಬುಗ್ಗಮ್ಮ ಕಿಟಕಿಯ ಹತ್ತಿರ ಹೋಗಿ ಹೇಳಿದರು. ಯಲ್ಲಯ್ಯ ಹೆದರಿ, “ಇರೋ ಎರಡು ಕೋಣೆನೂ ಹೋಗ್ತಾವ, ಸಾಕು ಮಾಡು” ಎಂದ. ರಾತ್ರಿ ಊಟ ಬಿಟ್ಟು ಮಲಗಿದ. ಬೆಳಿಗ್ಗೆ ಹೆಂಡತಿ ಮತ್ತೆ ಕಿಟಕಿಯ ಬಳಿ.

ಅತ್ತ ಗ್ರೀನುಗಳ ಪಾಡು ಹೇಳತೀರದು. ಬದಲಿಗೆ ಬಂದವನು ಕೊಳವೆಯನ್ನು ಓರೆಯಾಗಿ ತಿರುವುತ್ತಿದ್ದ. ಗುಂಡಿಯ ಬಾಯಿ ಹರಿದು ಹುಲ್ಲು ಮೇಲೇಳುತ್ತಿತ್ತು. ಬೇಲಿಯ ಬಳಿ ಕಳೆ ಕೀಳುತ್ತ ಬುಗ್ಗಮ್ಮ ಅದನ್ನು ದೂರದಿಂದ ನೋಡಿ ಹಲ್ಲು ಕಡಿಯುತ್ತಿದ್ದರು. “ಪರರ ಕೈಯಾಗ ಕೂಸು ಕೊಟ್ಟಂಗ ಆಗಿತ್ರಿ. ಬೈಯಾಕೂ ಬರಾಂಗಿಲ್ಲ, ಸುಮ್ಮನಿರಾಕೂ ಬರಾಂಗಿಲ್ಲ.”

ಹನ್ನೆರಡನೆಯ ದಿನ ದೇವೇಂದ್ರಪ್ಪ ಕಿಟಕಿಗೆ ಬಂದು, “ಆತು, ನಡಿ. ಇವತ್ತ ಇದನ್ನ ಮುಗಿಸಿಬಿಡೋಣ” ಎಂದರು. ಕೈಯಲ್ಲಿ ರಸಮಟ್ಟವಿತ್ತು. ಕಾಲುವೆಯ ಕಾಲದಿಂದ ಅವರ ಬಳಿಯಿದ್ದದ್ದು, ನೆಲ ಸಮವಿದೆಯೋ ಇಲ್ಲವೋ ಗಾಜಿನೊಳಗಿನ ಗುಳ್ಳೆಯಿಂದ ತೋರಿಸುವ ಸಾಧನ. ಬುಗ್ಗಮ್ಮ ಒಂಬತ್ತನೆಯ ಗ್ರೀನಿನ ಅಂಚಿನಿಂದ ಹದಿನಾಲ್ಕು ಹೆಜ್ಜೆ, ನೀರಿನ ನಳದ ಕಡೆಯಿಂದ ಒಂಬತ್ತು ಹೆಜ್ಜೆ ಎಣಿಸಿ ಕೂತು, ಬೆರಳಿನಿಂದ ಹುಲ್ಲು ಸವರಿದರು. ಮುಚ್ಚಿದ ಹಳೆಯ ಗುಂಡಿಯ ದುಂಡನೆಯ ಗೆರೆ ಇನ್ನೂ ಮಸುಕಾಗಿ ಕಾಣುತ್ತಿತ್ತು.

ದೇವೇಂದ್ರಪ್ಪ ರಸಮಟ್ಟವನ್ನು ಉದ್ದಕ್ಕೆ ಇಟ್ಟರು. ಅಡ್ಡಕ್ಕೆ ಇಟ್ಟರು. ಚೆಂಡಿದ್ದ ಕಡೆಯಿಂದ ಗುಂಡಿಯ ಕಡೆಗೆ ಇಟ್ಟರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಇಟ್ಟರು. ಗುಳ್ಳೆ ನಡುಗೆರೆ ಬಿಟ್ಟು ಕದಲಲಿಲ್ಲ. ಒಂದು ಕೂದಲೆಳೆ ಇಳಿಜಾರಿಗೆ ಗುತ್ತಿಗೆದಾರರ ಕೈಯಲ್ಲಿ ಇಡೀ ಕಾಲುವೆ ಒಡೆಸಿ ಕಟ್ಟಿಸಿದ ಮನುಷ್ಯ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು.

ರಸಮಟ್ಟವನ್ನು ಮಡಿಲಲ್ಲಿಟ್ಟುಕೊಂಡು, “ಹಂಗಾದ್ರ ಗಾಳಿನೇ” ಎಂದರು.

“ಗಾಳಿನೇರಿ ಸಾರ್.”

“ಚೆಂಡು ನಿನ್ನ ಕೈಯಾಗ ಕೊಟ್ಟಿದ್ದೆ.”

ಬುಗ್ಗಮ್ಮ ರಸಮಟ್ಟ ಒತ್ತಿದ್ದ ಹುಲ್ಲನ್ನು ಬೆರಳಿನಿಂದ ಎಬ್ಬಿಸಿದರು. ಹೇಳುವುದನ್ನೆಲ್ಲ ಹನ್ನೊಂದು ದಿನ ಹೇಳಿಯಾಗಿತ್ತು.

“ಆರು ವರ್ಷದಾಗ ಒಮ್ಮೆನೂ ಗೆದ್ದಿರಲಿಲ್ಲ ನಾ” ಎಂದರು ದೇವೇಂದ್ರಪ್ಪ, ನೆಲ ನೋಡುತ್ತ. “ಬಿದ್ದುಬಿಡ್ತಲ್ಲ ಅನ್ನೋ ಖುಷಿಯಾಗ ಬಾಯಿಗೆ ಬಂದದ್ದು ಅಂದೆ. ಅಂದ ಮ್ಯಾಲೆ ಹಿಂದಕ್ಕ ತಗೊಳ್ಳಾಕ ಆಗಲಿಲ್ಲ.”

ಅಂದೇ ರಿಜಿಸ್ಟರಿನ ಆ ಸಾಲುಗಳ ಮೇಲೆ ಅಡ್ಡಗೆರೆ ಬಿತ್ತು. ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ, ಗುಂಡಿ ಸರಿಯಾಗಿತ್ತು ಎಂದೂ, ಕೆಳಗೆ ಸಹಿಯೂ ಇದೆ. ಸಂಜೆ ಅವರು ಕಪ್ಪನ್ನು ಕಾರಿನಲ್ಲಿಟ್ಟುಕೊಂಡು ಮಕ್ತಲ್‌ಗೆ ಹೋದರು. ಡಾಕ್ಟರಮ್ಮ ಬೇಡವೆಂದರು. ಗುಂಡಿಗೆ ಹಾಕದೆ ಕಾರ್ಡು ಕೊಟ್ಟವನು ಆಟದಿಂದಲೇ ಹೊರಗೆ, ನಿಯಮವೇ ಹಾಗಿದೆ ಎಂದು ದೇವೇಂದ್ರಪ್ಪ ಮೇಜಿನ ಮೇಲಿಟ್ಟು ಬಂದರು. ಮರುದಿನ ಬೆಳಿಗ್ಗೆ ಕೊಳವೆ ಮತ್ತೆ ಬುಗ್ಗಮ್ಮನವರ ಕೈಗೆ ಬಂತು. ಹರಿದುಹೋಗಿದ್ದ ಗುಂಡಿಗಳನ್ನು ಸರಿಪಡಿಸಲು ಇಪ್ಪತ್ತು ದಿನ ಬೇಕಾಯಿತು. ಆ ಇಪ್ಪತ್ತು ದಿನವೂ ಬೈಗುಳ ನಿಂತಿರಲಿಲ್ಲ ಎಂದು ಯಲ್ಲಯ್ಯ ನಗುತ್ತಾನೆ.

ಅದರ ನಂತರದ ತಿಂಗಳ ಸಭೆಯಲ್ಲಿ ದೇವೇಂದ್ರಪ್ಪ ಎದ್ದು ನಿಂತು ಒಂದು ಮಾತು ಹೇಳಿದರು: ಗ್ರೀನಿನ ಮೇಲೆ ತಕರಾರು ಬಂದರೆ ಬುಗ್ಗಮ್ಮ ಹೇಳಿದ್ದೇ ಕೊನೆ. ಗೌರವವೆಂದು ಹೇಳಿದ್ದು. ಬುಗ್ಗಮ್ಮನವರಿಗೆ ಅದು ತಲೆನೋವಾಗಿ ಕೂತಿದೆ. ಈಗ ಒಂಬತ್ತು ದಿಕ್ಕಿನಿಂದಲೂ ಕೂಗು.

“ಮೊದಲು ಅವರವರು ಜಗಳಾಡಿ ಅವರವರು ಮುಗಿಸ್ತಿದ್ರು. ಈಗ ಇರುವೆ ಬಂದ್ರೂ ನನ್ನ ಕರೀತಾರ. ಒಬ್ಬರ ಚೆಂಡು ಬ್ಯಾರೆ ಗುಂಡಿ ಗ್ರೀನಿಗೆ ಹೋಗಿರ್ತೈತಿ. ಅಲ್ಲಿಂದ ಹೊಡೀಬ್ಯಾಡ್ರಿ, ಹೊರಗ ತಂದು ಹೊಡೀರಿ ಅಂತ ನೂರು ಸಲ ಹೇಳೀನಿ. ಮತ್ತ ಅದನ್ನ ಕೇಳ್ತಾರ. ನಾ ಹುಲ್ಲು ಯಾವಾಗ ಕೊಯ್ಲಿ?”

ಏಳು ಗಂಟೆಯಾಗಿದೆ. ನವಿಲಿನ ಗುರುತುಗಳೆಲ್ಲ ಮುಚ್ಚಿವೆ. ನಾಲ್ಕನೆಯ ಗ್ರೀನಿನ ಕಡೆಯಿಂದ ಆಗಲೇ ಯಾರೋ “ಬುಗ್ಗಮ್ಮಾ!” ಎಂದು ಕರೆಯುತ್ತಿದ್ದಾರೆ. ಅವರು ಸೊಂಟಕ್ಕೆ ಕೈಕೊಟ್ಟು ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ತುಸು ಯೋಚಿಸುತ್ತಾರೆ.

“ಒಂದ ದಿನ, ಯಾರೂ ತಕರಾರು ತಗೀದಂಗ ಒಂಬತ್ತೂ ಆಡಿ ಮನಿಗೆ ಹೋಗಲಿ. ಅಷ್ಟ ಸಾಕು ನನಗ. ಚೆಂಡು ಗುಂಡ್ಯಾಗ ಬೀಳೋ ಸಪ್ಪಳ ಭಾಳ ಚಂದ ಇರ್ತೈತ್ರಿ. ಬಾಯಿ ಸಮ ಇದ್ರ ಒಂದ ಸಪ್ಪಳ ಬರ್ತೈತಿ, ಎರಡಲ್ಲ. ಆದ್ರ ಯಾರೂ ಮಾತಾಡದಿದ್ರ ಮಾತ್ರ ಕೇಳಸ್ತೈತಿ.”